ಒಂದೂವರೆ ಪಟ್ಟು

ನನ್ನ ಕೈ ನಿಧಾನವಂತೆ! ಹೇಳಿದವನು ಅಜಯ್. ಬೆಂಗಳೂರಿನವನು, ಮೂವತ್ತಾರು ವರ್ಷ, ಸಿಂಗಾಪುರದ ರಾಫೆಲ್ಸ್ ಪ್ಲೇಸ್‌ನ ಯಾವುದೋ ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಕೆಲಸ. ಹುಟ್ಟಿದಾಗಿನಿಂದ ಒಂದು ಜೊತೆ ತಾಳವನ್ನೂ ಕೈಯಲ್ಲಿ ಹಿಡಿದು ನೋಡಿದವನಲ್ಲ. ಅಂಥವನು ಹನ್ನೆರಡು ಜನರ ಎದುರು, ಲ್ಯಾಪ್‌ಟಾಪಿನಿಂದ ಕಣ್ಣನ್ನೂ ಎತ್ತದೆ ಹೇಳಿದ.

"ಆಂಟಿ, ಡೋಂಟ್ ಮೈಂಡ್. ಪ್ರತಿ ಸಲಾನೂ ನೀವು ಸ್ಲೋ ಆಗ್ತಿದ್ದೀರಿ. ಟ್ರ್ಯಾಕ್ ಜೊತೆ ಮ್ಯಾಚೇ ಆಗ್ತಿಲ್ಲ."

ನಾವಿದ್ದದ್ದು ಉಬಿಯಲ್ಲಿ, ನಮ್ಮ ತಂಡದ ಲತೇಶನ ಏರ್‌ಕಾನ್ ರಿಪೇರಿ ಶೆಡ್ಡಿನಲ್ಲಿ. ಶನಿವಾರ ಮಧ್ಯಾಹ್ನ ಕೆಲಸದವರು ಹೋದ ಮೇಲೆ ಅವನು ಪೆಟ್ಟಿಗೆಗಳನ್ನು ಗೋಡೆಗೆ ಸರಿಸಿ ನಮಗೆ ಜಾಗ ಮಾಡಿಕೊಡುತ್ತಿದ್ದ. ಮೊದಲು ಫ್ಲಾಟುಗಳ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನಲ್ಲಿ, ಶುರುಮಾಡಿದ್ದೆವು. ಹತ್ತು ಜೊತೆ ತಾಳದ ಸದ್ದಿಗೆ ಎರಡನೇ ವಾರವೇ ದೂರು ಬಂತು. ಉಬಿಯಲ್ಲಿ ಆ ಚಿಂತೆಯಿಲ್ಲ. ಪಕ್ಕದ ಶೆಡ್ಡಿನಲ್ಲಿ ಕಾರಿನ ಬಾಗಿಲು ಬಡಿಯುವ ಸದ್ದು ನಮಗಿಂತ ಜೋರು.

ಕುಣಿತ ಭಜನೆ ನೋಡದವರಿಗಾಗಿ ಹೇಳಿಬಿಡುತ್ತೇನೆ. ನಡುವೆ ದೀಪ, ಸುತ್ತ ಬರಿಗಾಲಿನ ಜನ, ಒಬ್ಬೊಬ್ಬರ ಕೈಯಲ್ಲೂ ಪುಟ್ಟ ತಾಳ. ಹಾಡುತ್ತ, ಬಾಗುತ್ತ, ತಿರುಗುತ್ತ ಹೆಜ್ಜೆ ಹಾಕಬೇಕು. ಹಾರ್ಮೋನಿಯಂ ಮತ್ತು ಡೋಲಕ್ ಪಕ್ಕದಲ್ಲಿ. ಈಗ ಉಡುಪಿ ಕಡೆ ಊರಿಗೊಂದು ತಂಡವಿದೆ. ಸಿಂಗಾಪುರದಲ್ಲಿ ಇದೇ ಮೊದಲು. ಗಣೇಶನ ಹಬ್ಬದ ಮುಂದಿನ ಭಾನುವಾರ ನಮ್ಮ ಸಂಘದ ಕಾರ್ಯಕ್ರಮ, ನಮಗೆ ಕೊಟ್ಟದ್ದು ಏಳು ನಿಮಿಷ. ಕುಣಿಯುವವರು ಹತ್ತು ಜನ, ಹಾರ್ಮೋನಿಯಂ ನುಡಿಸುತ್ತ ಹಾಡುವವಳು ಪದ್ಮಿನಿ, ಡೋಲಕ್ಕಿಗೆ ಪ್ರಫುಲ್ಲಾ, ಅಂದರೆ ನಾನು. ಅಜಯ್ ಕುಣಿಯುವುದಿಲ್ಲ. "ನಂಗೆ ಎರಡೂ ಕಾಲು ಲೆಫ್ಟು" ಎಂದು ಮೊದಲ ದಿನವೇ ಕೈಮುಗಿದು ಲ್ಯಾಪ್‌ಟಾಪಿನ ಹಿಂದೆ ಕೂತವನು ನಮಗೆ ಮ್ಯಾನೇಜರ್ ಆಗಿಬಿಟ್ಟ.

"ನೋಡಿ, ಟ್ರ್ಯಾಕ್ ಇರೋದು ನಿಮಿಷಕ್ಕೆ ನೂರ ಅರವತ್ತೈದು ಬೀಟು. ನೀವು ಸ್ಟಾರ್ಟ್ ಚೆನ್ನಾಗಿ ಮಾಡ್ತೀರಿ. ಎರಡನೇ ನಿಮಿಷಕ್ಕೆ ಡ್ರಾಪ್. ಎಲ್ಲಿಗೆ ಗೊತ್ತಾ? ನೂರ ಹತ್ತು. ಪ್ರತಿ ಸಲಾನೂ ಎಕ್ಸಾಕ್ಟ್ ನೂರ ಹತ್ತು!" ಅವನ ಫೋನಿನಲ್ಲಿ ಪೆಟ್ಟು ಎಣಿಸುವ ಆ್ಯಪ್ ಒಂದಿತ್ತು. ಅದನ್ನು ನನ್ನ ಮುಖಕ್ಕೆ ಹಿಡಿದ. "ಇನ್ನು ಎರಡು ಶನಿವಾರ ಇದೆ. ಮ್ಯಾಚ್ ಆಗಲಿಲ್ಲ ಅಂದ್ರೆ ಟ್ರ್ಯಾಕೇ ಹಾಕಿಬಿಡೋಣ. ನೀವು ಸ್ಟೇಜ್ ಮೇಲೆ ಕೂತು ಸುಮ್ನೆ ಆ್ಯಕ್ಷನ್ ಮಾಡಿ. ಯಾರಿಗೂ ಗೊತ್ತಾಗಲ್ಲ."

ಸುಮ್ಮನೆ ಆ್ಯಕ್ಷನ್! ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

ನಮ್ಮೂರು ಕಾಪು ಹತ್ತಿರ. ಅಲ್ಲಿನ ಭಜನಾ ಮಂದಿರದಲ್ಲಿ ನನ್ನ ಸೋದರಮಾವ ಡೋಲಕ್ ನುಡಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ಹಾಡಲು ಅಡ್ಡಿಯಿರಲಿಲ್ಲ, ಹೂ ಕಟ್ಟಲು ಅಡ್ಡಿಯಿರಲಿಲ್ಲ, ನೆಲ ಒರೆಸಲು ಅಂತೂ ಅಡ್ಡಿಯೇ ಇರಲಿಲ್ಲ. ಡೋಲಕ್ ಮುಟ್ಟಿದರೆ ಮಾತ್ರ ಎಲ್ಲರಿಗೂ ಕೆಮ್ಮು ಬರುತ್ತಿತ್ತು. ನಾನು ಕಿಟಕಿಯಿಂದ ಮಾವನ ಬೆರಳು ನೋಡಿ, ಮನೆಗೆ ಬಂದು ಬಿಸ್ಕೆಟ್ ಡಬ್ಬದ ಮೇಲೆ ಕಲಿತೆ. ಈಗ ಅದೇ ಮಂದಿರದಲ್ಲಿ ಹುಡುಗಿಯರೇ ನುಡಿಸುತ್ತಾರೆ. ನಾನು ಸ್ವಲ್ಪ ಬೇಗ ಹುಟ್ಟಿಬಿಟ್ಟೆ, ಅಷ್ಟೆ. ನಲವತ್ತೊಂಬತ್ತನೇ ವಯಸ್ಸಿಗೆ ಮೊದಲ ಸಲ ಜನರ ಎದುರು ಕೂತು ನುಡಿಸುವ ಅವಕಾಶ. ಆ ಏಳು ನಿಮಿಷ ನನಗೆ ಬೇಕಿತ್ತು. ತುಂಬ ತುಂಬ ಬೇಕಿತ್ತು.

ಹಾಗಾಗಿ ಬೈಗುಳ ನುಂಗಿಕೊಂಡು ಕೈಗೆ ಕೆಲಸ ಕೊಟ್ಟೆ. ಯಿಶುನ್‌ನ ನಮ್ಮ ಫ್ಲಾಟಿನಲ್ಲಿ ತಲೆದಿಂಬಿನ ಮೇಲೆ ಬಾರಿಸಿದೆ. ಬಸ್ಸಿನಲ್ಲಿ ತೊಡೆಯ ಮೇಲೆ ಬಾರಿಸಿದೆ. ಅಜಯ್ ಕಳಿಸಿದ ಟ್ರ್ಯಾಕನ್ನು ಕಿವಿಗೆ ತುರುಕಿಕೊಂಡು, ನೂರ ಅರವತ್ತೈದು, ನೂರ ಅರವತ್ತೈದು ಎಂದು ಜಪಿಸಿದೆ. ಊಟದ ತಟ್ಟೆಯ ಮೇಲೂ ಬೆರಳು ಓಡತೊಡಗಿತು. ನಮ್ಮ ಮನೆಯವರು ತಮ್ಮ ತಟ್ಟೆ ಎತ್ತಿಕೊಂಡು ಸೋಫಾಕ್ಕೆ ಹೋದರು.

ನೂರ ಹತ್ತು ನನಗೆ ಹೊಸ ಸಂಖ್ಯೆಯಲ್ಲ. ಅದು ನನ್ನ ಅನ್ನ. ನಾನು ಆಸ್ಪತ್ರೆಯಲ್ಲಿ ನರ್ಸ್, ಹನ್ನೊಂದು ವರ್ಷದಿಂದ ಹೊಸ ನರ್ಸ್‌ಗಳಿಗೆ ಸಿಪಿಆರ್ ಕಲಿಸುತ್ತೇನೆ. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕು. ಕಲಿಸುವುದಕ್ಕೆ ಒಂದು ಬೊಂಬೆಯಿದೆ. ಅದರ ಪಕ್ಕದ ಪುಟ್ಟ ಪರದೆಯಲ್ಲಿ ಲೆಕ್ಕ ಸರಿಯಿದ್ದರೆ ಹಸಿರು ದೀಪ, ಹೆಚ್ಚಾದರೆ ಕೆಂಪು. ನನ್ನ ಕೈಯಲ್ಲಿ ಆ ದೀಪ ಹಸಿರು ಬಿಟ್ಟು ಬೇರೆ ಬಣ್ಣ ಕಂಡಿದ್ದೇ ಇಲ್ಲ. ಗಡಿಯಾರ ನೋಡದೆ ನೂರ ಹತ್ತು ಒತ್ತುತ್ತೇನೆ ಎಂದು ನನಗೆ ಜಂಬವೂ ಇತ್ತು.

ಆ ಗುರುವಾರ ಆರು ಹೊಸಬರನ್ನು ಸುತ್ತ ನಿಲ್ಲಿಸಿಕೊಂಡು, ಬೊಂಬೆಯ ಪಕ್ಕ ಮಂಡಿಯೂರಿ, "ಹೀಗೆ ನೋಡಿ" ಎಂದು ಒತ್ತತೊಡಗಿದೆ. ಕೆಂಪು.

ಯಂತ್ರ ಕೆಟ್ಟಿದೆ ಎಂದುಕೊಂಡೆ. ಮತ್ತೆ ಒತ್ತಿದೆ. ಮತ್ತೂ ಕೆಂಪು. ಹಿಂದೆ ನಿಂತ ಹುಡುಗಿ ಮೆಲ್ಲಗೆ, ಸಿಂಗಾಪುರದ ಇಂಗ್ಲಿಷಿನಲ್ಲಿ, "ಸಿಸ್ಟರ್, ಟೂ ಫಾಸ್ಟ್ ಲಾ" ಎಂದಳು.

ನಾನೇ ದಿನಾ ಹೇಳುವ ಪಾಠ: ಒತ್ತುವುದು ಎಷ್ಟು ಮುಖ್ಯವೋ, ಕೈ ಸಡಿಲಿಸಿ ಎದೆ ಮೇಲೇಳಲು ಬಿಡುವುದೂ ಅಷ್ಟೇ ಮುಖ್ಯ. ಆ ಬಿಡುವಿನಲ್ಲೇ ಹೃದಯಕ್ಕೆ ರಕ್ತ ತುಂಬುವುದು. ಅವಸರ ಮಾಡಿದರೆ ಖಾಲಿ ಹೃದಯವನ್ನು ಒತ್ತಿದಂತಾಗುತ್ತದೆ. ಅಂಥ ಪಾಠ ಹೇಳುವವಳ ಕೈಯೇ ಓಡುತ್ತಿದೆ! ಉಬಿಯಲ್ಲಿ ನಿಧಾನ, ಆಸ್ಪತ್ರೆಯಲ್ಲಿ ಅವಸರ. ಅಲ್ಲೂ ಸಲ್ಲಲಿಲ್ಲ, ಇಲ್ಲೂ ಸಲ್ಲಲಿಲ್ಲ. ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡೆ. ಅಳು ಬಂದಿತ್ತು ಎಂದು ಹೇಳಲು ನಾಚಿಕೆಯಿಲ್ಲ.

ಶನಿವಾರ ಬೆಳಿಗ್ಗೆ ಅಜಯ್‌ಗೆ ಒಂದು ಉದ್ದದ ವಾಯ್ಸ್ ಮೆಸೇಜ್ ಕಳಿಸಿದೆ. ನನ್ನ ಕೈಯಿಂದ ಆಗುವುದಿಲ್ಲ, ನೀನು ಟ್ರ್ಯಾಕೇ ಹಾಕು, ಡೋಲಕ್ ಸಂಘದ್ದು, ಮಧ್ಯಾಹ್ನ ತಂದು ಒಪ್ಪಿಸುತ್ತೇನೆ, ಆ್ಯಕ್ಷನ್ ಮಾಡಲು ಬೇರೆ ಯಾರನ್ನಾದರೂ ಕೂರಿಸು. ಒಂದೊಂದು ಮಾತನ್ನೂ ತೂಗಿ, ಬಹಳ ಗಾಂಭೀರ್ಯದಿಂದ ಹೇಳಿದೆ.

ಮಧ್ಯಾಹ್ನ ಡೋಲಕ್ ಹೆಗಲಿಗೇರಿಸಿ ಶೆಡ್ಡಿನೊಳಗೆ ಕಾಲಿಟ್ಟರೆ ಅಜಯ್‌ನ ಫೋನಿನಲ್ಲಿ ಯಾರೋ ಹೆಂಗಸು ಒಂದೇ ಉಸಿರಿನಲ್ಲಿ ವಟಗುಟ್ಟುತ್ತಿದ್ದಳು. ಯಾರಪ್ಪ ಇವಳು, ಬಸ್ಸು ಹೊರಟಿತೇನೋ ಎಂಬಂತೆ ಮಾತಾಡುತ್ತಾಳಲ್ಲ ಎಂದುಕೊಂಡೆ. ಆಮೇಲೆ ಕಿವಿಗೆ ಬಿತ್ತು: "ಆ್ಯಕ್ಷನ್ ಮಾಡಲು ಬೇರೆ ಯಾರನ್ನಾದರೂ ಕೂರಿಸು."

ನಾನು! ಅದು ನಾನು!

"ಅಜಯ್, ನಾನು ಹೀಗಾ ಮಾತಾಡೋದು?"

ಅವನು ಗಾಬರಿಯಿಂದ ಎದ್ದ. "ಅಯ್ಯೋ ಆಂಟಿ, ಬಂದ್ರಾ? ಈಗ ಕೇಳ್ತಿದ್ದೆ. ಪ್ಲೀಸ್, ಬೇಜಾರ್ ಮಾಡ್ಕೋಬೇಡಿ..."

"ಅದೆಲ್ಲ ಆಮೇಲೆ. ನನ್ನ ಧ್ವನಿಗೆ ಎಂತ ಆಗಿದೆ?"

"ಏನೂ ಆಗಿಲ್ಲ. ಒನ್ ಪಾಯಿಂಟ್ ಫೈವ್‌ನಲ್ಲಿ ಕೇಳ್ತಿದ್ದೆ. ಒಂದೂವರೆ ಪಟ್ಟು ಸ್ಪೀಡು. ನಾನು ಎಲ್ಲಾನೂ ಹಾಗೇ ಕೇಳೋದು. ಆಫೀಸ್ ಟ್ರೇನಿಂಗ್, ನ್ಯೂಸ್, ಎಲ್ಲ. ಟೈಮ್ ಸೇವ್ ಆಗುತ್ತೆ."

"ವಿಡಿಯೋ?"

"ವಿಡಿಯೋನೂ ಅಷ್ಟೇ. ಡೀಫಾಲ್ಟ್ ಸೆಟ್ ಮಾಡಿಟ್ಟಿದ್ದೀನಿ."

ನರ್ಸ್‌ಗಳಿಗೆ ಲೆಕ್ಕ ಬೇಗ ಬರುತ್ತದೆ. ಡ್ರಿಪ್ಪಿನ ಹನಿ ಎಣಿಸಿ ಎಣಿಸಿ ಬಂದದ್ದು. ನೂರ ಹತ್ತು. ಅದರ ಅರ್ಧ ಐವತ್ತೈದು. ಎರಡೂ ಸೇರಿದರೆ? ನೂರ ಅರವತ್ತೈದು!

"ತನಿಯಪ್ಪ ಮಾಸ್ಟ್ರ ವಿಡಿಯೋ ಹೇಗೆ ನೋಡಿದ್ದು ನೀನು?"

ತನಿಯಪ್ಪ ಮಾಸ್ಟ್ರು ಕಾಪು ಕಡೆಯ ಕುಣಿತ ಭಜನೆಯ ಗುರುಗಳು. ಅವರು ತಮ್ಮ ಅಂಗಳದಲ್ಲಿ ಹೆಜ್ಜೆಗಳನ್ನು ಮಾಡಿ ತೋರಿಸಿ, ಒಂದು ಗಂಟೆಯ ವಿಡಿಯೋ ಮಾಡಿಸಿ ಲಿಂಕ್ ಕಳಿಸಿದ್ದರು. ಅದು ಹೋದದ್ದು ಅಜಯ್‌ಗೆ ಮಾತ್ರ. ಅಜಯ್ ಅದನ್ನು ಓಡಿಸುತ್ತ, ಬೇಕಾದ ಭಾಗಗಳನ್ನು ಪರದೆಯಿಂದಲೇ ರೆಕಾರ್ಡ್ ಮಾಡಿಕೊಂಡು, ಒಂದನೇ ಹೆಜ್ಜೆ, ಎರಡನೇ ಹೆಜ್ಜೆ ಎಂದು ಹೆಸರಿಟ್ಟು ನಮ್ಮ ಗ್ರೂಪಿಗೆ ಹಾಕಿದ್ದ. ಮಾಸ್ಟ್ರು ಮಾತಾಡಿದ್ದನ್ನೆಲ್ಲ, ಸಮಯ ಉಳಿಸಲು, ಕತ್ತರಿಸಿದ್ದ. ಉಳಿದದ್ದು ಬರೀ ಕಾಲು ಮತ್ತು ಡೋಲಕ್. ಆ ಡೋಲಕ್ಕಿನ ಸದ್ದನ್ನೇ ಜೋಡಿಸಿ ಟ್ರ್ಯಾಕ್ ಮಾಡಿದ್ದ. ಮಾಸ್ಟ್ರ ಒಂದು ಮಾತು ಉಳಿದಿದ್ದರೂ ನಮಗೆ ಗೊತ್ತಾಗುತ್ತಿತ್ತು. ಕಾಲಿಗೆ ಧ್ವನಿಯೆಲ್ಲಿದೆ?

ಅಜಯ್‌ನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಮೆಲ್ಲಗೆ ಕೂತು, ಹಳೆಯ ಲಿಂಕ್ ಹುಡುಕಿ, ವೇಗವನ್ನು ಒಂದಕ್ಕೆ ಇಳಿಸಿ, ಒತ್ತಿದ. ನಾವೆಲ್ಲ ಅವನ ತಲೆಯ ಮೇಲೆ ಬಗ್ಗಿ ನಿಂತೆವು.

ಅಂಗಳ. ಬಿಳಿ ಪಂಚೆ ಉಟ್ಟ ತೆಳ್ಳಗಿನ ಮನುಷ್ಯ. ಕಾಲೆತ್ತಿದರು. ಆ ಕಾಲು ಮೇಲೆ ಹೋಯಿತು, ಒಂದು ಕ್ಷಣ ಅಲ್ಲೇ ನಿಂತಿತು, ಆಮೇಲೆ ಇಳಿಯಿತು. ಅಷ್ಟರಲ್ಲಿ ನಾವಾಗಿದ್ದರೆ ಒಂದು ಸುತ್ತು ಮುಗಿಸುತ್ತಿದ್ದೆವು. ಎಷ್ಟು ಚೆಂದ! ಎರಡು ತಿಂಗಳಿನಿಂದ ನೋಡುತ್ತಿದ್ದ ಅದೇ ಹೆಜ್ಜೆಯನ್ನು ನಾವು ಮೊದಲ ಸಲ ನೋಡಿದೆವು. ಡೋಲಕ್ ಕೇಳುತ್ತಿದ್ದಂತೆ ನನ್ನ ಬೆರಳು ತನ್ನಷ್ಟಕ್ಕೆ ತೊಡೆಯ ಮೇಲೆ ಬಿತ್ತು. ನೂರ ಹತ್ತು!

"ವಾ, ಸೋ ಸ್ಲೋ ಲಾ!" ಎಂದಳು ಯಶ್ಮಿತಾ. ಲತೇಶನ ಮಗಳು, ಹನ್ನೊಂದು ವರ್ಷ, ನಮ್ಮ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು.

ಪದ್ಮಿನಿ ವಿಡಿಯೋದ ಜೊತೆಗೇ ಹಾಡಿಕೊಳ್ಳತೊಡಗಿದಳು. ನಾಲ್ಕು ಸಾಲು ಹಾಡಿದವಳು ಥಟ್ಟನೆ ನಿಲ್ಲಿಸಿ ಕಿರುಚಿದಳು. "ಉಸಿರಿಗೆ ಜಾಗ ಉಂಟು! ಮಾರಾಯ್ರೆ, ಇದರಲ್ಲಿ ಉಸಿರಿಗೆ ಜಾಗ ಉಂಟು! ನನಗೆ ಲಂಗ್ಸ್ ಪ್ರಾಬ್ಲಮ್ ಅಂತ ಎಕ್ಸ್‌ರೇ ತೆಗೆಸಿ ಬಂದೆನಲ್ಲ!"

ಶೆಡ್ಡು ಹಾರಿಹೋಗುವಂತೆ ನಕ್ಕೆವು. ನಾನು ಡೋಲಕ್ ಕೆಳಗಿಳಿಸಲಿಲ್ಲ. ಒಪ್ಪಿಸಲು ತಂದವಳು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, "ಬನ್ನಿ, ಸರಿಯಾಗಿ ಹಾಕಿ ಹೆಜ್ಜೆ" ಎಂದೆ. ಗೆದ್ದೆ ಎಂದುಕೊಂಡಿದ್ದೆ.

ಎಲ್ಲಿಯ ಗೆಲುವು! ನಿಧಾನದಲ್ಲಿ ಯಾರಿಗೂ ಕುಣಿಯಲು ಬರಲಿಲ್ಲ. ಓಡುವಾಗ ಕಾಲು ತಾನೇ ಬಿದ್ದುಬಿಡುತ್ತದೆ. ಇಲ್ಲಿ ಒಂಟಿ ಕಾಲಿನಲ್ಲಿ ನಿಲ್ಲಬೇಕು. ಲತೇಶ ನಿಲ್ಲಲು ಹೋಗಿ ಏರ್‌ಕಾನ್ ಪೆಟ್ಟಿಗೆಗಳ ಮೇಲೆ ಒರಗಿದ, ಮೂರು ಪೆಟ್ಟಿಗೆ ಉರುಳಿದವು. ಉಳಿದವರು ಒಬ್ಬರ ಭುಜ ಒಬ್ಬರು ಹಿಡಿದುಕೊಂಡರು.

ಅಜಯ್‌ಗೆ ಜೀವ ಬಂತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಲ್ಲ. "ನೋಡಿ, ಮಿಸ್ಟೇಕ್ ನಂದೇ, ಒಪ್ಕೋತೀನಿ. ಆದ್ರೆ ಎರಡು ತಿಂಗಳು ಎಲ್ಲರೂ ಫಾಸ್ಟ್ ಪ್ರಾಕ್ಟೀಸ್ ಮಾಡಿದ್ದಾರೆ. ಈ ಸ್ಪೀಡ್‌ನಲ್ಲಿ ಏಳು ನಿಮಿಷಕ್ಕೆ ಮುಗಿಯೋದೂ ಇಲ್ಲ. ಟ್ರ್ಯಾಕ್ ಸೇಫ್ ಅಲ್ವಾ?"

ಕೆಲವರು ತಲೆಯಾಡಿಸಿದರು. ನನಗೆ ರೇಗಿತು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಪೆಟ್ಟಿಗೆ ಜೋಡಿಸುತ್ತಿದ್ದ ಲತೇಶನೇ ಹೇಳಿದ. "ಪ್ರಫುಲ್ಲಕ್ಕ, ಜಗಳ ಬೇಡ. ಮಾಸ್ಟ್ರು ಮಗಳ ಮನೆಗೆ ಅಂತ ಶುಕ್ರವಾರ ಇಲ್ಲಿಗೇ ಬರ್ತಿದ್ದಾರೆ. ಶನಿವಾರ ಕರ್ಕೊಂಡು ಬರ್ತೇನೆ. ಅವರು ಹೇಳಿದ ಹಾಗೆ."

ಆ ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಬೊಂಬೆಯ ದೀಪ ಮತ್ತೆ ಹಸಿರಾಯಿತು. ಮಾಸ್ಟ್ರು ಬರುತ್ತಾರೆ, ಅಜಯ್‌ನ ಕಿವಿ ಹಿಂಡುತ್ತಾರೆ, "ಈ ಅಮ್ಮನ ಕೈ ನೋಡಿ ಕಲಿ" ಎನ್ನುತ್ತಾರೆ. ಇದನ್ನೆಲ್ಲ ಪಾತ್ರೆ ತೊಳೆಯುವಾಗ ಮಾಸ್ಟ್ರ ಧ್ವನಿಯಲ್ಲೇ ಹೇಳಿಕೊಂಡು ಖುಷಿಪಟ್ಟೆ.

ಶನಿವಾರ ಮಾಸ್ಟ್ರು ಬಂದರು. ಅರವತ್ತೆಂಟು ವರ್ಷ, ಕಡ್ಡಿಯಂಥ ಮೈ, ಪಂಚೆಯ ಮೇಲೆ ಅಳಿಯನ ಟೀ ಶರ್ಟು. ಮೊದಲು ಟ್ರ್ಯಾಕ್ ಹಾಕಿ ಕುಣಿದು ತೋರಿಸಿದೆವು. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಎಂತ ಮಾರಾಯ್ರೆ ಇದು? ಯಾರು ಅಟ್ಟಿಸಿಕೊಂಡು ಬರ್ತಿದ್ದಾರೆ ನಿಮ್ಮನ್ನು?"

ನಾನು ಅಜಯ್ ಕಡೆ ನೋಡಿದೆ. ಆಮೇಲೆ ಡೋಲಕ್ ಎಳೆದುಕೊಂಡು, ಕಣ್ಣು ಕೈಯ ಮೇಲಿಟ್ಟು, ನೂರ ಹತ್ತರಲ್ಲಿ ನಾಲ್ಕು ನಿಮಿಷ ನುಡಿಸಿದೆ. ಒಂದು ಕೂದಲೆಳೆ ಆಚೀಚೆ ಆಗಲಿಲ್ಲ. ನಿಲ್ಲಿಸಿ, ಹೊಗಳಿಕೆಗೆ ಮುಖ ಸಿದ್ಧಮಾಡಿಕೊಂಡು ಕೂತೆ.

"ನೀವು ನುಡಿಸುವಾಗ ಎಲ್ಲಿ ನೋಡ್ತೀರಿ?" ಎಂದರು ಮಾಸ್ಟ್ರು.

"ಕೈ."

"ಹಾಂ. ಅದೇ ತಪ್ಪು."

ನನಗೆ ಕೇಳಿಸಿದ್ದು ಸರಿಯೋ ಎಂದು ಪದ್ಮಿನಿಯ ಮುಖ ನೋಡಿದೆ.

"ಪೆಟ್ಟು ಶುದ್ಧ ಉಂಟು. ಆದರೆ ಮೊದಲಿನಿಂದ ಕೊನೆಯವರೆಗೆ ಒಂದೇ. ಗಡಿಯಾರದ ಮಡಿಲಿಗೆ ಡೋಲಕ್ ಕೊಟ್ಟ ಹಾಗೆ. ವಿಡಿಯೋದಲ್ಲಿ ನಾನು ತೋರಿಸಿದ್ದು ಹೆಜ್ಜೆ ಕಲಿಯುವ ವೇಗ. ಭಜನೆ ಅಲ್ಲ. ಭಜನೆ ಅದಕ್ಕಿಂತಲೂ ನಿಧಾನ ಶುರುವಾಗ್ತದೆ. ದೇವಸ್ಥಾನದ ಮೆಟ್ಟಿಲು ಹತ್ತುವಾಗ ಯಾರಾದರೂ ಓಡ್ತಾರಾ? ಆಮೇಲೆ ಮೆಲ್ಲ ಮೆಲ್ಲ ಏರ್ತದೆ. ಇದೆಲ್ಲ ವಿಡಿಯೋದಲ್ಲಿ ಬಾಯಿಬಿಟ್ಟು ಹೇಳಿದ್ದೇನಲ್ಲ?"

ಎಲ್ಲರೂ ಅಜಯ್‌ನ ಕಡೆ ತಿರುಗಿದರು. ಅವನು ನೆಲ ನೋಡಿದ.

"ಏರುವುದು ಯಾರ ಲೆಕ್ಕದಲ್ಲಿ?" ನಾನು ಕೇಳಿದೆ. ಸಿಟ್ಟು ಇಳಿದಿರಲಿಲ್ಲ.

ಮಾಸ್ಟ್ರು ಯಶ್ಮಿತಾಳನ್ನು ಹತ್ತಿರ ಕರೆದು ನನ್ನ ಎದುರು ನಿಲ್ಲಿಸಿದರು. "ಈ ಮಗುವಿನ ಕಾಲಿನ ಲೆಕ್ಕದಲ್ಲಿ. ಕಾಲು ನೆಲ ಮುಟ್ಟಿದಾಗ ನಿಮ್ಮ ಪೆಟ್ಟು. ಅದಕ್ಕೆ ಮೊದಲು ಬೇಡ. ನೀವು ಎಳೆಯುವುದೂ ಬೇಡ, ದೂಡುವುದೂ ಬೇಡ. ಕಾಲಿಗೆ ಉಮೇದು ಬಂದು ಅದೇ ಬೇಗ ಇಳಿದರೆ, ಬಿಡಿ, ಹೋಗಲಿ, ಜೊತೆಗೆ ಹೋಗಿ."

"ಮಾಸ್ಟ್ರೇ, ಕೊನೇಲಿ ಎಷ್ಟು ಸ್ಪೀಡ್ ಇರ್ಬೇಕು? ನಂಬರ್ ಹೇಳಿ," ಎಂದ ಅಜಯ್.

"ನಂಬರ್ ಎಲ್ಲ ನನಗೆ ಗೊತ್ತಿಲ್ಲಪ್ಪ. ಈಗ ಓಡಿದರಲ್ಲ, ಕೊನೆಗೆ ಅಷ್ಟಕ್ಕೆ ಬಂದು ಮುಟ್ಟಬಹುದು."

ಅಜಯ್ ಕುರ್ಚಿಯಿಂದ ಜಿಗಿದ. "ಅಂದ್ರೆ ನಾವು ಎರಡು ತಿಂಗಳು ಕ್ಲೈಮ್ಯಾಕ್ಸ್ ಮಾತ್ರ ಪ್ರಾಕ್ಟೀಸ್ ಮಾಡಿದ್ವಿ!"

"ಹೌದು. ಊಟಕ್ಕೆ ಕೂತು ಬರೀ ಪಾಯಸ ಕುಡಿದ ಹಾಗೆ."

ಆ ಮಧ್ಯಾಹ್ನವಿಡೀ ಹೊಸದಾಗಿ ಕಲಿತೆವು. ಮಾಸ್ಟ್ರು ಬೇಡದ ಸುತ್ತುಗಳನ್ನು ತೆಗೆದು ಭಜನೆಯನ್ನು ಏಳು ನಿಮಿಷಕ್ಕೆ ಇಳಿಸಿದರು. ನಿಧಾನದ ಹೆಜ್ಜೆ ಸಂಜೆಯ ಹೊತ್ತಿಗೆ ಎಲ್ಲರಿಗೂ ಹಿಡಿಯಿತು. ಕೊನೆಯ ಓಟ ಹೇಗೂ ಬಾಯಿಪಾಠ. ಉಳಿದದ್ದು ನಾನೊಬ್ಬಳು. ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ ನೂರ ಮೂವತ್ತರ ಹತ್ತಿರ ಕೈಗೆ ಹೆದರಿಕೆಯಾಯಿತು. ಹೆದರಿದ್ದೇ ತಡ, ಕಣ್ಣು ಕೈಗೆ ಬಂತು. ಕಣ್ಣು ಕೈಗೆ ಬಂದದ್ದೇ ತಡ, ನೂರ ಹತ್ತಕ್ಕೆ ಜಾರಿದೆ. ಕುಣಿಯುವವರೆಲ್ಲ ಒಬ್ಬರ ಮೇಲೊಬ್ಬರು ಬಂದು ಬಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ದೂರಲು ಈಗ ಟ್ರ್ಯಾಕೂ ಇರಲಿಲ್ಲ.

ಅಜಯ್ ಈ ಸಲ ನನ್ನ ಮುಖ ನೋಡಿಯೇ ಹೇಳಿದ. "ಆಂಟಿ, ಶುರು ನೀವೇ ಮಾಡಿ. ಆದ್ರೆ ಬ್ಯಾಕಪ್ ಬೇಕು. ನಾನು ಸ್ಟೇಜ್ ಪಕ್ಕ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರ್ತೀನಿ. ಕೊನೇಲಿ ನೀವು ಡ್ರಾಪ್ ಆದ್ರೆ ನಾನು ಟ್ರ್ಯಾಕ್ ಆನ್ ಮಾಡ್ತೀನಿ. ನೀವು ಕೈ ನಿಲ್ಲಿಸಿಬಿಡಿ. ಹತ್ತು ಜನರ ಶ್ರಮ ಇದೆ."

ಅವನ ಮಾತು ನ್ಯಾಯವಾಗಿತ್ತು. ಸಿಟ್ಟು ಬಂದದ್ದೂ ಅದಕ್ಕೇ.

ಭಾನುವಾರ ಬೆಳಿಗ್ಗೆ ಹತ್ತೂವರೆ. ಮುನ್ನೂರು ಜನ ಕೂತಿದ್ದರು, ಹಿಂದೆ ಮಕ್ಕಳು ಕುರ್ಚಿಗಳ ನಡುವೆ ಓಡುತ್ತಿದ್ದರು. ವೇದಿಕೆಯ ನಡುವೆ ದೀಪ. ಎಡಕ್ಕೆ ನಾನು ಮತ್ತು ಪದ್ಮಿನಿ. ಬಲಕ್ಕೆ, ಪರದೆಯ ಮರೆಯಲ್ಲಿ, ಅಜಯ್ ಮತ್ತು ಅವನ ಲ್ಯಾಪ್‌ಟಾಪ್. ಅವನ ಬೆರಳು ಗುಂಡಿಯ ಮೇಲೆ ಇದ್ದದ್ದು ನನಗೆ ಚೆನ್ನಾಗಿ ಕಾಣುತ್ತಿತ್ತು. ಮಾಸ್ಟ್ರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ, ಊಟಕ್ಕೆ ಬಂದವರಂತೆ ಆರಾಮಾಗಿ ಕೂತಿದ್ದರು.

ಪದ್ಮಿನಿ ಗಣಪತಿಯ ಮೇಲೆ ಮೊದಲ ಸಾಲು ಎಳೆದಳು. ಎಷ್ಟು ಬೇಕೋ ಅಷ್ಟು ಉಸಿರು ತೆಗೆದುಕೊಂಡು ಎಳೆದಳು. ಯಶ್ಮಿತಾಳ ಬಲಗಾಲು ಮೇಲೆ ಹೋಯಿತು. ನಿಂತಿತು. ನಾನು ಕಾದೆ. ಮುನ್ನೂರು ಜನರ ಎದುರು ಕೈ ಮೇಲೆತ್ತಿ ಕಾಯುವುದೆಂದರೆ! ಕಾಲು ಇಳಿಯಿತು. ಧಿಂ.

ಹತ್ತು ಜನರ ತಾಳವೂ ಅದೇ ಕ್ಷಣಕ್ಕೆ ಬಿತ್ತು. ಸಭೆಯಲ್ಲಿ ಓಡುತ್ತಿದ್ದ ಮಕ್ಕಳು ನಿಂತರು.

ಎರಡನೇ ಹೆಜ್ಜೆ. ಮೂರನೆಯದು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಅಷ್ಟು ಜಾಗವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅದು ಖಾಲಿಯಲ್ಲ. ಪದ್ಮಿನಿಯ ಸ್ವರ ಅಲ್ಲಿ ತುಂಬುತ್ತಿತ್ತು, ಬಾಗಿದ ಬೆನ್ನುಗಳು ಅಲ್ಲಿ ಏಳುತ್ತಿದ್ದವು. ಹನ್ನೊಂದು ವರ್ಷ ಬೊಂಬೆಯ ಪಕ್ಕ ಮಂಡಿಯೂರಿ ನಾನೇ ಹೇಳಿದ ಪಾಠ, ನನ್ನ ಡೋಲಕ್ಕಿಗೆ ಯಾಕೆ ಹೇಳಿರಲಿಲ್ಲವೋ!

ಎರಡನೇ ನಿಮಿಷದಲ್ಲಿ ಆ ಪುಟ್ಟ ಕಾಲಿಗೆ ಉಮೇದು ಹತ್ತಿತು. ಒಂದು ಕೂದಲೆಳೆ ಮುಂಚೆ ಇಳಿಯಿತು. ಹೋಗಲಿ ಎಂದು ನಾನೂ ಹೋದೆ. ಮುಂದಿನ ಸುತ್ತಿಗೆ ಇನ್ನೊಂದೆಳೆ. ಎಲ್ಲೋ ನಡುವೆ ನನ್ನ ನೂರ ಹತ್ತು ಬಂತು. ಕೈಗೆ ಗೊತ್ತಾಯಿತು. ದಿನಾ ಇಳಿಯುವ ಸ್ಟೇಷನ್ ಬಂದಾಗ ಕಾಲು ತಾನೇ ಏಳುವುದಿಲ್ಲವೇ, ಹಾಗೆ. ಇಳಿಯಲಿಲ್ಲ. ದಾಟಿಬಿಟ್ಟೆ!

ಜನ ಚಪ್ಪಾಳೆ ಹಾಕತೊಡಗಿದರು. ಐದನೇ ನಿಮಿಷ. ತಾಳಗಳು ಬಿಸಿಯಾಗಿರಬೇಕು, ಲತೇಶನ ಅಂಗಿ ಬೆನ್ನಿಗೆ ಅಂಟಿತ್ತು. ಆಗ ಬಂತು ಅದೇ ಹೆದರಿಕೆ. ನಿನ್ನೆ ಬಿದ್ದ ಜಾಗ. ಬೆರಳು ಒಂದು ಕ್ಷಣ ತಡವರಿಸಿತು. ಪರದೆಯ ಮರೆಯಲ್ಲಿ ಅಜಯ್ ಮುಂದಕ್ಕೆ ಬಾಗಿದ್ದು ಕಣ್ಣಂಚಿನಲ್ಲಿ ಕಂಡಿತು. ಈಗ ಒತ್ತುತ್ತಾನೆ. ಈಗ ನನ್ನ ಕೈ ನಿಲ್ಲಬೇಕು. ಕೈಯನ್ನು ನೋಡಲೇ? ನೋಡಿಬಿಡಲೇ? ಕತ್ತು ಬಗ್ಗಿಯೇ ಬಿಟ್ಟಿತ್ತು.

ಅಷ್ಟರಲ್ಲಿ ತಿರುಗುತ್ತ ನನ್ನ ಮುಂದೆ ಬಂದ ಯಶ್ಮಿತಾ ಹಲ್ಲು ಬಿಟ್ಟು ನಕ್ಕಳು. ಅವಳಿಗೆ ಅಜಯ್ ಇಲ್ಲ, ನಂಬರ್ ಇಲ್ಲ, ಏನೂ ಇಲ್ಲ. ಅವಳ ಕಾಲು ಆಗಲೇ ಗಾಳಿಯಲ್ಲಿತ್ತು. ನಾನು ಕೈಯನ್ನು ಅದರ ಪಾಡಿಗೆ ಬಿಟ್ಟು ಕಣ್ಣಿನಲ್ಲೇ ಆ ಕಾಲನ್ನು ಹಿಡಿದೆ.

ಆಮೇಲೆ ನಡೆದದ್ದು ನಾನು ಮಾಡಿದ್ದಲ್ಲ. ಕಾಲು ಓಡಿತು, ಕೈ ಓಡಿತು. ಇಪ್ಪತ್ತು ಕಾಲು ಒಂದೇ ಕಾಲಿನಂತೆ ಇಳಿಯುತ್ತಿತ್ತು, ವೇದಿಕೆಯ ಹಲಗೆ ನನ್ನ ಕೆಳಗೆ ನಡುಗುತ್ತಿತ್ತು. ಜನ ಎದ್ದು ನಿಂತಿದ್ದರು. ಯಾರೋ ಶಿಳ್ಳೆ ಹೊಡೆದರು. ಪದ್ಮಿನಿ ಹಾರ್ಮೋನಿಯಂ ಬಿಟ್ಟು ಎರಡೂ ಕೈ ಮೇಲೆತ್ತಿ ಹಾಡುತ್ತಿದ್ದಳು. ನಿರೂಪಕಿ ಪರದೆಯ ಪಕ್ಕದಿಂದ ಸಮಯ ಮುಗಿಯಿತೆಂದು ಚೀಟಿ ತೋರಿಸಿದಳು, ಮತ್ತೆ ತೋರಿಸಿದಳು, ಆಮೇಲೆ ಚೀಟಿಯಿಂದಲೇ ತಾಳ ಹಾಕತೊಡಗಿದಳು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು, ಒರೆಸಲು ಕೈ ಎಲ್ಲಿದೆ? ಮಾವನ ಮಂದಿರದ ಕಿಟಕಿಯಿಂದ ಒಳಗೆ ಹಾರಿದ ಹಾಗಿತ್ತು.

ಕೊನೆಯ ಸುತ್ತು. ಟ್ರ್ಯಾಕ್ ಯಾಕೆ ಬರಲಿಲ್ಲ ಎಂದು ಆಗ ನೆನಪಾಗಿ ಬಲಕ್ಕೆ ನೋಡಿದೆ. ಲ್ಯಾಪ್‌ಟಾಪ್ ಇತ್ತು. ಅದರ ಮುಂದೆ ಯಾರೂ ಇರಲಿಲ್ಲ.

ಅಜಯ್ ವೇದಿಕೆಯ ಮೇಲಿದ್ದ. ಶೂ ಬಿಚ್ಚಿ, ಕಾಲುಚೀಲದಲ್ಲೇ, ಲತೇಶನ ಬೆನ್ನ ಹಿಂದೆ ಹನ್ನೊಂದನೆಯವನಾಗಿ ಸೇರಿಕೊಂಡಿದ್ದ. ಎಲ್ಲರೂ ಬಲಕ್ಕೆ ತಿರುಗಿದರೆ ಅವನು ಎಡಕ್ಕೆ, ಎಲ್ಲರೂ ಬಾಗಿದರೆ ಅವನು ಎದ್ದು ನಿಂತು. ಮುಖ ಮಾತ್ರ ದೀಪಾವಳಿ. ಒಂದು ಹೆಜ್ಜೆ ಹಿಂದೆ, ಯಾವಾಗಲೂ ಒಂದೇ ಹೆಜ್ಜೆ ಹಿಂದೆ, ಬಿಡದೆ ಬರುತ್ತಿದ್ದ.

ಮುಕ್ತಾಯದ ಪೆಟ್ಟೊಂದು ಉಳಿದಿತ್ತು. ಹಾಡು ನಿಂತಿತು. ಯಶ್ಮಿತಾಳ ಕಾಲು ಇಳಿಯಿತು, ಲತೇಶನದು ಇಳಿಯಿತು, ಹತ್ತೂ ಜನರದು ಇಳಿಯಿತು. ಅಜಯ್‌ನ ಕಾಲು ಇನ್ನೂ ಗಾಳಿಯಲ್ಲೇ ಇತ್ತು. ಅವನು ಗಾಬರಿಯಿಂದ ನನ್ನತ್ತ ನೋಡಿದ.

ನಾನು ಕೈ ಮೇಲೆತ್ತಿಕೊಂಡು ಕಾದೆ. ಮುನ್ನೂರು ಜನರೂ ಕಾದರು. ಅವನ ಕಾಲು ನೆಲ ಮುಟ್ಟಿತು. ಆಗ ಬಾರಿಸಿದೆ.